ತಯಾರಿಕೆಯ ಹಂತಗಳು ಜಾಲತಾಣದಲ್ಲಿ: ಅರ್ಜಿ ಮೊದಲು, ಪ್ರಚಾರ ನಂತರ

ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಅಡಿಕೆ ಮರವೇರುವ ಯಂತ್ರದ ದೃಶ್ಯವು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹರಡಿ, ಉದ್ಯಮಿ ಆನಂದ್ ಮಹೀಂದ್ರಾ ಅವರ ಮೆಚ್ಚುಗೆಗೂ ಪಾತ್ರವಾಗಿ, ದೇಶದ ಗಮನ ಸೆಳೆಯಿತು. ಜಾಹೀರಾತಿಗೆ ಹಣ ವೆಚ್ಚ ಮಾಡಲಾರದ ಸಣ್ಣ ತಯಾರಕರಿಗೆ ಇಂತಹ ಪ್ರಚಾರ ವರದಾನವೇ ಸರಿ. ಆದ್ದರಿಂದಲೇ ಸಿದ್ಧವಾದ ಸರಕನ್ನಷ್ಟೇ ಅಲ್ಲದೆ, ಅದು ರೂಪುಗೊಳ್ಳುವ ಹಂತಗಳನ್ನೂ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಹಂಚಿಕೊಳ್ಳುವ ಪರಿಪಾಠ ಬೆಳೆದಿದೆ. ಇದರ ಕಾನೂನು ಪರಿಣಾಮವನ್ನು ಅರಿತವರು ಮಾತ್ರ ವಿರಳ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಕೃಷ್ಣರಾಜನಗರ ಸಮೀಪದ ಮಿರ್ಲೆಯಲ್ಲಿ ಕೃಷಿ ಉಪಕರಣ ತಯಾರಿಸುವ ಒಬ್ಬರು ಭತ್ತದ ಗದ್ದೆಯ ಕಳೆ ತೆಗೆಯುವ ಯಂತ್ರಕ್ಕೆ ಹೊಸ ಬಗೆಯ ಅಲಗಿನ ಜೋಡಣೆಯನ್ನು ರೂಪಿಸಿ, ವಾರಕ್ಕೊಂದು ದೃಶ್ಯವನ್ನು ಜಾಲತಾಣಕ್ಕೆ ಏರಿಸುತ್ತಾರೆ. ಆರು ತಿಂಗಳ ನಂತರ ಪೇಟೆಂಟಿಗೆ ಅರ್ಜಿ ಸಲ್ಲಿಸುತ್ತಾರೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

1970ರ ಪೇಟೆಂಟ್ ಕಾಯಿದೆಯು ಆವಿಷ್ಕಾರವು ಹೊಸದಾಗಿರಬೇಕೆಂದು ವಿಧಿಸುತ್ತದೆ. ಅರ್ಜಿಯ ದಿನಾಂಕಕ್ಕೆ ಮುನ್ನವೇ ಅದು ಪ್ರಕಟವಾಗಿದ್ದರೆ, ಪ್ರಕಟಿಸಿದವರು ಸ್ವತಃ ಅರ್ಜಿದಾರರೇ ಆಗಿದ್ದರೂ, ಹೊಸತನ ನಷ್ಟವಾಗುತ್ತದೆ. ಪೇಟೆಂಟ್ ದೊರೆಯುವ ಮುನ್ನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಲು ಕಾಯಿದೆಯ 25ನೆಯ ಕಲಮು ಅವಕಾಶ ನೀಡಿದೆ. ಪ್ರತಿಸ್ಪರ್ಧಿಯು ಸಾಕ್ಷ್ಯಕ್ಕಾಗಿ ಬೇರೆಲ್ಲೂ ಹುಡುಕಬೇಕಾಗಿಲ್ಲ. ದಿನಾಂಕ ಸಮೇತ ಆ ದೃಶ್ಯಗಳೇ ಅಲ್ಲಿವೆ. ಸರಕಿನ ಹೊರರೂಪಕ್ಕೆ ರಕ್ಷಣೆ ಕೊಡುವ 2000ದ ವಿನ್ಯಾಸ ಕಾಯಿದೆಯೂ ಇದೇ ರೀತಿ ಕಟ್ಟುನಿಟ್ಟು: ಅರ್ಜಿಗೆ ಮುನ್ನ ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಸಾರ್ವಜನಿಕರಿಗೆ ತೋರಿಸಿದ ವಿನ್ಯಾಸವನ್ನು ನೋಂದಾಯಿಸುವಂತಿಲ್ಲ.

ಹಾಗಿದ್ದಲ್ಲಿ ಗದ್ದೆಗಿಳಿಸದೆ ಯಂತ್ರವನ್ನು ಪರೀಕ್ಷಿಸುವುದೆಂತು ಎಂಬ ಪ್ರಶ್ನೆ ಸಹಜ. ಪೇಟೆಂಟ್ ಕಾಯಿದೆಯ 32ನೆಯ ಕಲಮು ಇದಕ್ಕೆ ಸ್ವಲ್ಪ ಆಸರೆ ನೀಡುತ್ತದೆ. ಬಯಲಿನಲ್ಲಿಯೇ ಪರೀಕ್ಷಿಸಬೇಕಾದ ಸ್ವರೂಪದ ಆವಿಷ್ಕಾರವಾಗಿದ್ದರೆ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ, ಕೇವಲ ಪ್ರಯೋಗಕ್ಕಾಗಿ ನಡೆಸಿದ ಬಳಕೆಯಿಂದ ಹಕ್ಕು ತಪ್ಪದು. ಆದರೆ ಆ ಪ್ರಯೋಗವನ್ನು ಚಿತ್ರೀಕರಿಸಿ ಜಾಲತಾಣಕ್ಕೆ ಹಾಕಿದರೆ ಅದು ಪ್ರಯೋಗವಲ್ಲ, ಪ್ರಕಟಣೆ. ವಸ್ತುಪ್ರದರ್ಶನಗಳಿಗೂ 31ನೆಯ ಕಲಮಿನ ವಿನಾಯಿತಿಯುಂಟು; ಅದು ಕೇಂದ್ರ ಸರ್ಕಾರವು ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಅನ್ವಯಿಸುತ್ತದೆ. ಊರಿನ ಜಾತ್ರೆಯ ಮಳಿಗೆ ಇದರಲ್ಲಿ ಸೇರದು.

ಪರಿಹಾರವು ದುಬಾರಿಯಲ್ಲ. ಆವಿಷ್ಕಾರ ಪೂರ್ಣಗೊಳ್ಳುವ ಮೊದಲೇ ತಾತ್ಕಾಲಿಕ ವಿವರಣೆಯೊಡನೆ ಪೇಟೆಂಟ್ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಅಂತರ್ಜಾಲದ ಮೂಲಕ ಸಲ್ಲಿಸುವ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಮೂಲ ಶುಲ್ಕ 1,600 ರೂಪಾಯಿ. ವಿನ್ಯಾಸ ನೋಂದಣಿಗೆ 1,000 ರೂಪಾಯಿ. ಏಜೆಂಟರ ಸಂಭಾವನೆ ಬೇರೆ. ಸಣ್ಣ ಉದ್ದಿಮೆಯೆಂಬುದಕ್ಕೆ ಉದ್ಯಮ್ ನೋಂದಣಿ ಪತ್ರವನ್ನು ಲಗತ್ತಿಸಬಹುದು. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಸುಧಾರಣೆಗೆ ಆ ದಿನಾಂಕದ ರಕ್ಷಣೆ ಸಿಗುವುದಿಲ್ಲವಾದ ಕಾರಣ, ಅನಂತರ ಮಾಡಿದ ಮಾರ್ಪಾಡುಗಳನ್ನು ಪೂರ್ಣ ಅರ್ಜಿ ಸಲ್ಲಿಸುವವರೆಗೆ ತೋರಿಸದಿರುವುದು ಕ್ಷೇಮ.

ಅರ್ಜಿಗೆ ಮುನ್ನವೂ ಹೇಳಿಕೊಳ್ಳಲು ಎಷ್ಟೋ ಸಂಗತಿಗಳಿವೆ: ರೈತನ ಕಷ್ಟವೇನು, ಹಳೆಯ ಯಂತ್ರ ಎಲ್ಲಿ ಕೈಕೊಡುತ್ತದೆ, ಎಷ್ಟು ಗಂಟೆ ಓಡಿಸಿ ನೋಡಲಾಯಿತು. ಕಾಪಾಡಬೇಕಾದುದು ಒಳಗಿನ ಜೋಡಣೆ ಮತ್ತು ಹೊಸ ಆಕಾರ. ಇನ್ನೂರು ಮಂದಿ ವ್ಯಾಪಾರಿಗಳಿರುವ ವಾಟ್ಸಾಪ್ ಗುಂಪನ್ನು ಖಾಸಗಿಯೆಂದು ನಂಬುವುದು ಅಪಾಯ. ಅಚ್ಚು ತಯಾರಕರಿಗೆ ನಕ್ಷೆ ಕೊಡುವಾಗ ಗೌಪ್ಯತೆಯ ಲಿಖಿತ ಕರಾರು ಇರಬೇಕು.

ಪ್ರಗತಿಯನ್ನು ತೋರಿಸಿದವರಿಂದ ಗ್ರಾಹಕರು ದಿನಾಂಕವನ್ನೂ ಕೇಳುತ್ತಾರೆ. ಬೆಂಗಳೂರಿನ ಏಥರ್ ಎನರ್ಜಿ ಸಂಸ್ಥೆಯು 2016ರ ಫೆಬ್ರವರಿಯಲ್ಲಿ ಪ್ರದರ್ಶಿಸಿದ ವಿದ್ಯುತ್ ಸ್ಕೂಟರು ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಬಂಡವಾಳಗಾರರ ಬೆಂಬಲವಿದ್ದ ಸಂಸ್ಥೆಗೇ ಎರಡು ವರ್ಷ ಹಿಡಿದಿರುವಾಗ, ಸಣ್ಣ ತಯಾರಕರು ಮುಂಗಾರಿಗೆ ಯಂತ್ರ ಸಿದ್ಧವೆಂದು ಘೋಷಿಸಿ ಮುಂಗಡ ಪಡೆಯುವ ಮೊದಲು ಬಿಡಿಭಾಗಗಳ ಪೂರೈಕೆ ಖಚಿತವೇ ಎಂದು ನೋಡಿಕೊಳ್ಳಬೇಕು. ನಾಟಿ ಮುಗಿದು ಕಳೆ ತೆಗೆಯುವ ಕಾಲ ದಾಟಿದ ಮೇಲೆ ಬಂದ ಯಂತ್ರವನ್ನು ರೈತನು ಮುಂದಿನ ಬೆಳೆಯವರೆಗೆ ಕೊಳ್ಳುವುದಿಲ್ಲ; ಮುಂಗಡವನ್ನು ಮಾತ್ರ ಅಂದೇ ಹಿಂದಕ್ಕೆ ಕೇಳುತ್ತಾನೆ.