ನಿಮಗಿದು ಗೊತ್ತೆ? ಅಳಿಸಿದರೂ ಅಳಿಯದ ಫೋಟೊ!

ಕೇವಲ 20 ಹಳೆಯ ಫೋನ್‌ಗಳಿಂದ 40,000ಕ್ಕೂ ಹೆಚ್ಚು ಫೋಟೊಗಳು ಮತ್ತೆ ಹೊರಬಂದವು! 2014ರಲ್ಲಿ ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿ ಇಬೇ ತಾಣದಲ್ಲಿ ಈ ಆ್ಯಂಡ್ರಾಯ್ಡ್ ಫೋನ್‌ಗಳನ್ನು ಕೊಂಡು ಪರೀಕ್ಷಿಸಿತ್ತು. ಮಕ್ಕಳಿರುವ ಮನೆಮಂದಿಯ ಚಿತ್ರಗಳೇ 1,500ಕ್ಕೂ ಹೆಚ್ಚು. ಭರ್ತಿ ಮಾಡಿದ ಸಾಲದ ಅರ್ಜಿಯೂ ಒಂದಿತ್ತು. ಮಾಲೀಕರು ಎಲ್ಲವೂ ಅಳಿಸಿಹೋಯಿತೆಂದೇ ನಂಬಿದ್ದರು. ಆದರೆ ಅಳಿಸಿದಾಗ ಹೋಗಿದ್ದು ಫೈಲಿನ ವಿಳಾಸ ಮಾತ್ರ.

ಈಗಿನ ಫೋನ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀಲಿಯೇ ನಾಶ.

ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಲಾಗೌಟ್ ಆಗಿ, ಆಮೇಲೆ ರೀಸೆಟ್ ಮಾಡಿ. ಸಿಮ್ ಜೊತೆ ಮೆಮೊರಿ ಕಾರ್ಡನ್ನೂ ಮರೆಯದೆ ತೆಗೆದಿಟ್ಟುಕೊಳ್ಳಿ. ಫೋನ್ ರೀಸೆಟ್ ಆದರೂ ಕಾರ್ಡಿನಲ್ಲಿರುವ ಚಿತ್ರಗಳು ಸಾಮಾನ್ಯವಾಗಿ ಹಾಗೇ ಉಳಿದಿರುತ್ತವೆ.