ಓಡುವುದನ್ನು ಹಿಂಬಾಲಿಸುವ ಕಣ್ಣು

ನಿಂತ ವಸ್ತುವಿನ ಚಿತ್ರ ತೆಗೆಯುವುದಕ್ಕೂ ಚಲಿಸುವ ಜೀವಿಯ ಚಿತ್ರ ತೆಗೆಯುವುದಕ್ಕೂ ಅಂತರ ಬಹಳ. ದೇವಾಲಯದ ಗೋಪುರ ನಮಗಾಗಿ ಕಾದಿರುತ್ತದೆ. ಹಾರುವ ಹಕ್ಕಿಯಾಗಲಿ, ಓಡುವ ಮಗುವಾಗಲಿ ಕಾಯುವುದಿಲ್ಲ. ನಮ್ಮ ಮನೆಗಳ ಆಲ್ಬಂಗಳಲ್ಲಿ ಆಡುವ ಮಕ್ಕಳ ಮುಖಗಳು ಎಷ್ಟೋ ಬಾರಿ ಮಸುಕಾಗಿರುತ್ತವೆ. ಇದಕ್ಕೊಂದು ಪರಿಹಾರ ನಮ್ಮ ಕ್ಯಾಮೆರಾಗಳಲ್ಲೇ ಇದೆ. ಅದೇ ನಿರಂತರ ಆಟೋಫೋಕಸ್.

ಕರ್ನಾಟಕದ ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್ ಅವರಂಥ ಹಿರಿಯರು ಲೆನ್ಸಿನ ಉಂಗುರವನ್ನು ಕೈಯಿಂದಲೇ ತಿರುಗಿಸಿ, ವನ್ಯಜೀವಿಗಳ ಚಿತ್ರ ತೆಗೆದು ಕೀರ್ತಿವಂತರಾದರು. ೧೯೮೫ರಲ್ಲಿ ಮಿನೋಲ್ಟಾ ೭೦೦೦ ಬಂದ ಮೇಲೆ ಆ ಕೆಲಸ ಕ್ರಮೇಣ ಯಂತ್ರದ ಪಾಲಾಯಿತು. ಲೆನ್ಸಿನ ಎರಡು ಬದಿಗಳಿಂದ ಬರುವ ಬೆಳಕನ್ನು ಹೋಲಿಸಿ, ಲೆನ್ಸನ್ನು ಎತ್ತ, ಎಷ್ಟು ಸರಿಸಬೇಕೆಂಬುದನ್ನು ಕ್ಯಾಮೆರಾ ಅರಿಯುತ್ತದೆ. ಸಾಮಾನ್ಯ ಕ್ರಮದಲ್ಲಿ ಗುಂಡಿಯನ್ನು ಅರ್ಧ ಒತ್ತಿದಾಗ ಒಮ್ಮೆ ಅಳೆದು ಅಲ್ಲಿಗೇ ನಿಲ್ಲಿಸುತ್ತದೆ. ನಿರಂತರ ಕ್ರಮದಲ್ಲಾದರೋ ಬೆರಳು ಅಲ್ಲಿರುವಷ್ಟು ಹೊತ್ತೂ ಮತ್ತೆ ಮತ್ತೆ ಅಳೆಯುತ್ತ, ಷಟರ್ ತೆರೆಯುವ ಗಳಿಗೆಯಲ್ಲಿ ಹಕ್ಕಿ ಎಲ್ಲಿರಬಹುದೆಂದು ಊಹಿಸುತ್ತದೆ. ಇದನ್ನು ಕ್ಯಾನನ್‌ನವರು ಎಐ ಸರ್ವೊ ಎಂದೂ ನಿಕಾನ್, ಸೋನಿಯವರು ಎಎಫ್-ಸಿ ಎಂದೂ ಕರೆಯುತ್ತಾರೆ.

ಮಕ್ಕಳು ಕಾಲೇಜಿಗೆ ಹೊರಟ ಮೇಲೆ ಕ್ಯಾಮೆರಾ ಹಿಡಿದ ನನಗೆ ಇದರ ಪಾಠಶಾಲೆಯಾದದ್ದು ಮೇರಿಲ್ಯಾಂಡಿನ ಸಸ್ಕ್ವೆಹಾನಾ ನದಿಯ ಕೊನೊವಿಂಗೊ ಅಣೆಕಟ್ಟು. ಅಲ್ಲಿನ ವಿದ್ಯುದಾಗಾರದ ಯಂತ್ರಗಳ ಮೂಲಕ ಹಾದುಬಂದ ಮೀನುಗಳು ತತ್ತರಿಸಿ ಮೇಲೆ ತೇಲುತ್ತವೆ. ಅವನ್ನರಸಿ ನವೆಂಬರಿನಲ್ಲಿ ಬಿಳಿತಲೆಯ ಹದ್ದುಗಳು ನೆರೆಯುತ್ತವೆ, ಅವುಗಳನ್ನರಸಿ ನಾವು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುವ ಹಕ್ಕಿ ಸೆಕೆಂಡಿಗೆ ಸುಮಾರು ೧೪ ಮೀಟರಿನಷ್ಟು ಸಮೀಪಿಸುತ್ತದೆ. ಮೀನನ್ನೆತ್ತುವಾಗ ಗುಂಡಿ ಒತ್ತಿದರಾಯಿತೆಂದು ಕುಳಿತವರಿಗೆ ಅದು ದಕ್ಕುವುದಿಲ್ಲ. ಹಕ್ಕಿ ದೂರದ ಬಯಲು ಆಕಾಶದಲ್ಲಿರುವಾಗಲೇ ಗುರಿ ಹಿಡಿದು, ಸೊಂಟದಿಂದ ಮೇಲೆ ಇಡೀ ದೇಹವನ್ನು ಅದರೊಡನೆ ತಿರುಗಿಸುತ್ತ ಬರಬೇಕು. ಹಕ್ಕಿ ಕೆಳಗಿಳಿದೊಡನೆ ಹಿಂದಿನ ಮರಗಳು ಫೋಕಸನ್ನು ತಮ್ಮತ್ತ ಸೆಳೆಯಬಹುದು. ಆದ್ದರಿಂದ ಫೋಕಸ್ ಬಿಂದುಗಳ ಸಣ್ಣ ಗುಂಪೊಂದನ್ನು ಆರಿಸಿಕೊಳ್ಳುವುದು ಲೇಸು. ಷಟರ್ ವೇಗ ೧/೨೦೦೦ ಸೆಕೆಂಡ್ ಇರಲಿ. ಫೋಕಸ್ ಸರಿಯಿದ್ದರೂ ಷಟರ್ ನಿಧಾನವಾದರೆ ರೆಕ್ಕೆಗಳು ಕಲಸಿಹೋಗುತ್ತವೆ. ೨೦೨೦ರಲ್ಲಿ ಬಂದ ಕ್ಯಾನನ್ ಆರ್೫ರಂಥ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಗುರುತಿಸಬಲ್ಲವು. ಆದರೂ ಹಕ್ಕಿಯನ್ನು ಚೌಕಟ್ಟಿನೊಳಗೆ ಉಳಿಸಿಕೊಳ್ಳುವ ಹೊಣೆ ನಮ್ಮದೇ.

ಇದು ಕೇವಲ ಹವ್ಯಾಸಿಗಳ ವಿಷಯವೆಂದು ನಾನು ಭಾವಿಸಿಲ್ಲ. ಮೈಸೂರಿನಲ್ಲಿರುವ ನನ್ನ ತಾಯಿಯವರಿಗೆ ಈಗ ವಿಮಾನಯಾನ ಸಾಧ್ಯವಿಲ್ಲ. ಮೊಮ್ಮಗಳ ನೃತ್ಯವನ್ನು ಅವರು ಕಂಡಿರುವುದು ಚಿತ್ರಗಳಲ್ಲಿ ಮಾತ್ರ. ಮುಖ ಮಸುಕಾದರೆ ಅಭಿನಯವೇ ಅವರಿಗೆ ತಲುಪದು. ನಿಮ್ಮಲ್ಲಿ ಅನೇಕರ ಹಿರಿಯರೂ ಹೀಗೆಯೇ ಊರಿನಲ್ಲಿ ಕಾದಿರಬಹುದು.

ಈ ಸಮ್ಮೇಳನದ ವೇದಿಕೆಯಲ್ಲಿ ನಮ್ಮ ಮಕ್ಕಳು ಕುಣಿಯುವಾಗ ನಿರಂತರ ಆಟೋಫೋಕಸನ್ನು ಬಳಸಿ ನೋಡಿ. ಫ್ಲಾಶ್ ಬೇಡ, ಅದು ಕಲಾವಿದರ ಕಣ್ಣಿಗೆ ಹಿಂಸೆ. ಲೆನ್ಸನ್ನು ಪೂರ್ಣ ತೆರೆದು, ಐಎಸ್‌ಒ ಏರಿಸಿ, ೧/೫೦೦ ಸೆಕೆಂಡಿನ ಸುಮಾರಿನಲ್ಲಿ ಷಟರ್ ಇಟ್ಟು, ಮಗುವಿನ ಮುಖವನ್ನು ಬಿಡದೆ ಹಿಂಬಾಲಿಸಿ. ನೆಗೆತದ ತುತ್ತತುದಿಯಲ್ಲಿ ದೇಹ ಕ್ಷಣಮಾತ್ರ ನಿಂತಂತಿರುತ್ತದೆ. ಗುಂಡಿ ಒತ್ತಲು ಅದೇ ಸಮಯ. ಆ ಚಿತ್ರ ಊರಿನ ಅಜ್ಜಿಯ ಕೈ ಸೇರಲಿ ಎಂದು ಹಾರೈಸುತ್ತೇನೆ.