ಸೀಗಡಿಯ ಡಿಂಭಗಳೂ ಸಸಾರಜನಕವೂ

ಪ್ರೋಟೀನನ್ನು ಕನ್ನಡದಲ್ಲಿ ಸಸಾರಜನಕವೆಂದು ಕರೆಯುವುದುಂಟು. ಸಾರಜನಕದಿಂದ ಕೂಡಿದುದು ಎಂದರ್ಥ. ಈ ಆಹಾರದ ಗುಣದೋಷಗಳೆರಡೂ ಆ ಹೆಸರಿನಲ್ಲಿಯೇ ಅಡಗಿವೆ ಎಂಬುದಕ್ಕೆ ಸೀಗಡಿಯ ಸಾಕಣೆ ಉತ್ತಮ ನಿದರ್ಶನ.

ಜಪಾನಿನ ಮೊತೊಸಾಕು ಫುಜಿನಾಗರು 1934ರಲ್ಲಿ ಕುರುಮ ಸೀಗಡಿಯಿಂದ ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿಗಳನ್ನು ಪಡೆದರು. ಪಡೆದುದಕ್ಕಿಂತ ಉಳಿಸಿಕೊಳ್ಳುವುದೇ ಕಠಿಣವಾಯಿತು. ಮೊಟ್ಟೆಯೊಡೆದು ಬಂದ ಡಿಂಭಕ್ಕೆ ನಾಪ್ಲಿಯಸ್ ಎಂದು ಹೆಸರು. ಮೊಟ್ಟೆಯಿಂದ ಬಂದ ಸತ್ತ್ವವು ಅದರ ಒಡಲಲ್ಲಿಯೇ ಇರುವುದರಿಂದ ಅದಕ್ಕೆ ಹೊರಗಿನ ಆಹಾರ ಬೇಡ. ಸುಮಾರು ಎರಡು ದಿನಗಳಲ್ಲಿ ಆ ಬುತ್ತಿ ತೀರಿ, ಡಿಂಭವು ಝೋಯಿಯ ರೂಪವನ್ನು ತಾಳುತ್ತದೆ. ಆಗ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯೇ ಅದರ ಅನ್ನ. ಸ್ಕೆಲಿಟೋನಿಮ ಎಂಬ ಪಾಚಿಯನ್ನು ಬೆಳೆಸಿ ಉಣಿಸಿ ಫುಜಿನಾಗರು ಮರಿಗಳನ್ನು ಉಳಿಸಿಕೊಂಡರು. ಮುಂದಿನ ಮೈಸಿಸ್ ಅವಸ್ಥೆಯಲ್ಲಿ ಅವು ಬೇಟೆಯಾಡಬಲ್ಲವು. ಆರ್ಟೀಮಿಯ ಎಂಬ ಉಪ್ಪುನೀರಿನ ಜೀವಿಯ ಮರಿಗಳು ಅವಕ್ಕೆ ಪ್ರಿಯ. ನೀರಿನಂಶವನ್ನು ಕಳೆದರೆ ಈ ಆಹಾರದ ಸುಮಾರು ಅರ್ಧಭಾಗ ಸಸಾರಜನಕವೇ.

ಸಜೀವ ಆಹಾರಕ್ಕೆ ಬದಲಾಗಿ ಸೂಕ್ಷ್ಮಕಣಗಳ ಕೃತಕ ಆಹಾರವನ್ನು ರೂಪಿಸಿದವರಲ್ಲಿ ಕಾಗೊಶಿಮ ವಿಶ್ವವಿದ್ಯಾನಿಲಯದ ಅಕಿಯೊ ಕನಜಾವರು ಪ್ರಮುಖರು. ಕುರುಮ ಡಿಂಭಗಳ ಆಹಾರದಲ್ಲಿ ಪ್ರತಿಶತ 45ರಿಂದ 55ರಷ್ಟು ಸಸಾರಜನಕವಿರಬೇಕೆಂದು ಅಲ್ಲಿಯ ಪ್ರಯೋಗಗಳು ತೋರಿಸಿದವು. ಪಿಷ್ಟಾದಿಗಳು ಸಾಕಷ್ಟಿದ್ದರೆ ಕೆಳಗಿನ ಪ್ರಮಾಣವೇ ಸಾಕು. ಅವು ಕಡಿಮೆಯಾದರೆ ಮೇಲಿನದು ಬೇಕು. ಕಾರಣ ಸ್ಪಷ್ಟ: ಪಿಷ್ಟವು ಶಕ್ತಿಯನ್ನೊದಗಿಸಿದಾಗ ಸಸಾರಜನಕವು ಮೈ ಬೆಳೆಸುವುದಕ್ಕೆ ಉಳಿಯುತ್ತದೆ, ಇಲ್ಲವಾದರೆ ಕಂಬವಾಗಬೇಕಾದ ಮರ ಒಲೆಗೆ ಸೌದೆಯಾದಂತೆ ಅದೂ ಉರಿದುಹೋಗುತ್ತದೆ.

ಪ್ರಮಾಣವೊಂದೇ ಸಾಲದು. ಅರ್ಜಿನೀನ್, ಮೆಥಿಯೋನೀನ್, ಲೈಸೀನ್ ಮೊದಲಾದ ಹತ್ತು ಅಮೈನೋ ಆಮ್ಲಗಳು ಸೀಗಡಿಗೆ ಆಹಾರದಿಂದಲೇ ದೊರೆಯಬೇಕು. ಅವುಗಳಲ್ಲೊಂದು ಕೊರತೆಯಾದರೂ ಉಳಿದವುಗಳ ಸಮೃದ್ಧಿ ವ್ಯರ್ಥ. ಕಣಗಳು ಡಿಂಭದ ಬಾಯಿಗೆ ಹಿಡಿಯುವಷ್ಟು ಸಣ್ಣವಾಗಿರಬೇಕು. ಸತ್ತ್ವವು ನೀರಿಗೆ ಸೋರಿಹೋಗದಂತಿರಬೇಕು.

ಹಾಗೆಂದು ಹೇರಳವಾಗಿ ಸುರಿದರೆ? ಹೆಚ್ಚಾದುದರಲ್ಲಿನ ಸಾರಜನಕವು ಅಮೋನಿಯವಾಗಿ ನೀರನ್ನು ಸೇರುತ್ತದೆ. ತಿನ್ನದೆ ಉಳಿದುದೂ ಕೊಳೆತು ಅಲ್ಲಿಗೇ ಬರುತ್ತದೆ. ಪೋಷಿಸಬೇಕಾದ ವಸ್ತುವೇ ವಿಷವಾಗಿ ತೊಟ್ಟಿಯ ಮರಿಗಳನ್ನು ಕೊಲ್ಲಬಲ್ಲದು. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ. ಆದುದರಿಂದ ಸಾಕುವವನು ಮರಿಯ ಅವಸ್ಥೆಯನ್ನು ಅರಿತು, ಅಳೆದು ಉಣಿಸಬೇಕು.